ಸರ್ವೋಪಯೋಗಿ ದೂರನಿಯಂತ್ರಕ: ಗೃಹೋಪಕರಣಗಳ ಆಜ್ಞಾಭಾಷೆಯ ಇತಿಹಾಸ

೧

ಮನೆಯ ಉಪಕರಣಗಳನ್ನು ಕುಳಿತಲ್ಲಿಂದಲೇ ನಡೆಸುವ ಸಾಧನವನ್ನು ಜನ ರಿಮೋಟು ಎಂದು ಕರೆಯುತ್ತಾರೆ. ಶಾಸ್ತ್ರೀಯವಾಗಿ ಹೇಳುವುದಾದರೆ ಅದು ದೂರನಿಯಂತ್ರಕ. ಟೆಲಿವಿಷನ್ನಿಗೆ ಒಂದು, ಹವಾನಿಯಂತ್ರಕಕ್ಕೆ ಒಂದು, ಸೆಟ್‌ಟಾಪ್ ಪೆಟ್ಟಿಗೆಗೆ ಇನ್ನೊಂದು, ಈಚೆಗೆ ಫ್ಯಾನಿಗೂ ಒಂದು, ಹೀಗೆ ಬೆಳೆದು ನಿಂತಿರುವ ಈ ಪರಿವಾರದ ಕೆಲಸವನ್ನೆಲ್ಲ ಕಿಸೆಯಲ್ಲಿರುವ ಸ್ಮಾರ್ಟ್‌ಫೋನ್ ಒಂದೇ ವಹಿಸಿಕೊಳ್ಳುವುದು ಇಂದು ಅನೇಕರ ಅನುಭವಕ್ಕೆ ಬಂದಿರುವ ಸಂಗತಿ. ಇದನ್ನು ಸಾಮಾನ್ಯವಾಗಿ ಕೇವಲ ಸೌಕರ್ಯದ ವಿಷಯವೆಂದು ಎಣಿಸುತ್ತಾರೆ. ಮನುಷ್ಯನ ಸೋಮಾರಿತನಕ್ಕೆ ಯಂತ್ರಶಾಸ್ತ್ರ ಸಲ್ಲಿಸಿದ ಕಾಣಿಕೆ ಎಂದು ನಕ್ಕು ಮುಂದೆ ಸಾಗುವವರೂ ಉಂಟು.

ಆದರೆ ವಿಷಯ ಅಷ್ಟು ಹಗುರವಾದುದಲ್ಲ. ದೂರನಿಯಂತ್ರಕವೆಂದರೆ ಆಜ್ಞೆಯನ್ನು ಸಾಗಿಸುವ ಸಾಧನ. ಆಜ್ಞೆಗೆ ಒಂದು ಭಾಷೆ ಬೇಕು. ಆ ಭಾಷೆಯನ್ನು ಯಾರು ಬಲ್ಲರು, ಅದನ್ನು ಆಡುವುದಕ್ಕೆ ಯಾರ ಅನುಮತಿ ಬೇಕು ಎಂಬ ಪ್ರಶ್ನೆಗಳಿಗೆ ದೊರೆತ ಉತ್ತರಗಳೇ ಈ ಸಾಧನದ ನಿಜವಾದ ಇತಿಹಾಸ. ಈ ಲೇಖನದಲ್ಲಿ ಪ್ರತಿಪಾದಿಸಲು ಉದ್ದೇಶಿಸಿರುವ ಅಂಶ ಇಷ್ಟು: ಮನೆಯ ಗೋಡೆಯೇ ಕಾವಲಾಗಿದ್ದಷ್ಟು ಕಾಲ ಆಜ್ಞಾಭಾಷೆ ಬಯಲಾಗಿಯೇ ಇತ್ತು, ಆದಕಾರಣ ಒಂದೇ ಸಾಧನದಿಂದ ಎಲ್ಲ ಉಪಕರಣಗಳನ್ನೂ ಆಳುವುದು ಸಾಧ್ಯವಾಯಿತು. ಗೋಡೆಯನ್ನು ದಾಟುವ ಮಾಧ್ಯಮಗಳು ಬಳಕೆಗೆ ಬಂದಾಗ ಬೀಗ ಬೇಕಾಯಿತು. ಬೀಗ ಬಂದ ಮೇಲೆ ಕೀಲಿಕೈ ಯಾರ ಬಳಿ ಇರತಕ್ಕದ್ದು ಎಂಬ ವ್ಯಾಜ್ಯ ಹುಟ್ಟಿತು. ಆ ವ್ಯಾಜ್ಯ ಇನ್ನೂ ತೀರಿಲ್ಲ.

೨

ತಂತಿಯಿಲ್ಲದೆ ಯಂತ್ರವನ್ನು ನಡೆಸುವ ಪ್ರಯತ್ನ ಮನೆಯಲ್ಲಿ ಆರಂಭವಾದುದಲ್ಲ. ೧೮೯೮ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ರೇಡಿಯೋ ತರಂಗಗಳಿಂದ ನಡೆಸಿ ತೋರಿಸಿದನು. ಅದೇ ವರ್ಷದ ನವೆಂಬರ್ ೮ರಂದು ಅವನಿಗೆ ಆ ಬಗ್ಗೆ ಪೇಟೆಂಟು ದೊರೆಯಿತು. ಸ್ಪೇನಿನ ಲಿಯೊನಾರ್ಡೊ ಟೊರೆಸ್ ಕೆವೆಡೊ ತನ್ನ 'ಟೆಲಿಕಿನೊ' ಎಂಬ ಸಾಧನವನ್ನು ೧೯೦೩ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟು, ೧೯೦೬ರಲ್ಲಿ ಬಿಲ್ಬಾವೊ ಬಂದರಿನಲ್ಲಿ ದೊರೆಯ ಸಮಕ್ಷಮ ದೋಣಿಯನ್ನು ದಡದಿಂದಲೇ ನಡೆಸಿದನು. ಟೆಸ್ಲಾ ಅಷ್ಟಕ್ಕೇ ನಿಲ್ಲಲಿಲ್ಲ. ಬೇರೆಯವರ ಸಂಕೇತ ತನ್ನ ಯಂತ್ರವನ್ನು ಕೆಣಕದಂತೆ, ಒಂದಕ್ಕಿಂತ ಹೆಚ್ಚು ಕಂಪನಾಂಕಗಳು ಒಟ್ಟಿಗೆ ಬಂದಾಗ ಮಾತ್ರ ಯಂತ್ರ ಓಗೊಡುವ ವಿಧಾನವೊಂದಕ್ಕೆ ಅವನು ೧೯೦೩ರಲ್ಲಿ ಪೇಟೆಂಟು ಪಡೆದನು. ಬೀಗದ ಅಗತ್ಯ ಆಗಲೇ ಅವನಿಗೆ ಹೊಳೆದಿತ್ತೆಂಬುದಕ್ಕೆ ಇದೇ ಸಾಕ್ಷಿ.

ಮನೆಯೊಳಗೆ ಕಾಲಿಟ್ಟ ಮೊದಲ ತಂತಿರಹಿತ ನಿಯಂತ್ರಕಗಳಲ್ಲಿ ಪ್ರಸಿದ್ಧವಾದುದು ಫಿಲ್ಕೊ ಸಂಸ್ಥೆ ತನ್ನ ೧೯೩೯ರ ರೇಡಿಯೋಗಳೊಡನೆ ಮಾರಿದ 'ಮಿಸ್ಟರಿ ಕಂಟ್ರೋಲ್'. ಟೆಲಿಫೋನಿನಲ್ಲಿದ್ದಂತಹ ಡಯಲನ್ನು ತಿರುಗಿಸಿದರೆ ಕೇಂದ್ರಗಳು ಬದಲಾಗುತ್ತಿದ್ದವು. ಟೆಲಿವಿಷನ್ನಿನ ವಿಷಯದಲ್ಲಿ ಚಿಕಾಗೊ ನಗರದ ಜೆನಿತ್ ಸಂಸ್ಥೆಯೇ ಮುಂದಾಳು. ಅದು ೧೯೫೦ರಲ್ಲಿ ತಂದ ನಿಯಂತ್ರಕಕ್ಕೆ ತಂತಿ ಇತ್ತು. ಅದು ನಡೆದಾಡುವವರ ಕಾಲಿಗೆ ತೊಡರುತ್ತಿತ್ತು. ೧೯೫೫ರಲ್ಲಿ ಯೂಜೀನ್ ಪಾಲಿ ರಚಿಸಿದ 'ಫ್ಲ್ಯಾಷ್‌ಮ್ಯಾಟಿಕ್' ಬೆಳಕಿನ ದಂಡದಂತಿತ್ತು: ತೆರೆಯ ನಾಲ್ಕು ಮೂಲೆಗಳಲ್ಲಿದ್ದ ದ್ಯುತಿಕೋಶಗಳ ಮೇಲೆ ಬೆಳಕು ಬಿಟ್ಟರೆ ಕೆಲಸ ನಡೆಯುತ್ತಿತ್ತು. ಆದರೆ ಕಿಟಕಿಯಿಂದ ಬಿದ್ದ ಬಿಸಿಲನ್ನೂ ಆ ಕೋಶಗಳು ಆಜ್ಞೆಯೆಂದೇ ಭಾವಿಸುತ್ತಿದ್ದವು.

ಮುಂದಿನ ಹೆಜ್ಜೆ ಇಟ್ಟವನು ರಾಬರ್ಟ್ ಆಡ್ಲರ್. ಈತ ವಿಯೆನ್ನಾ ನಗರದಲ್ಲಿ ಹುಟ್ಟಿ, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ೧೯೩೭ರಲ್ಲಿ ಡಾಕ್ಟರೇಟ್ ಪಡೆದವನು. ಜೆನಿತ್ ಸಂಸ್ಥೆಯಲ್ಲಿ ಆಗ ನಡೆದ ಚರ್ಚೆ ನಮ್ಮ ವಿಷಯಕ್ಕೆ ಬಹಳ ಮುಖ್ಯ. ರೇಡಿಯೋ ತರಂಗವನ್ನು ಏಕೆ ಬಳಸಬಾರದು? ಅದು ಗೋಡೆಯನ್ನು ತೂರಿಹೋಗುತ್ತದೆ; ಪಕ್ಕದ ಮನೆಯ ಟೆಲಿವಿಷನ್ನನ್ನೂ ಬದಲಾಯಿಸೀತು. ಆದುದರಿಂದ ಗೋಡೆ ತಡೆಯಬಲ್ಲ ಮಾಧ್ಯಮವೇ ಬೇಕಾಯಿತು. ಆಡ್ಲರ್ ಶ್ರವಣಾತೀತ ಧ್ವನಿಯನ್ನು ಆರಿಸಿಕೊಂಡನು. ೧೯೫೬ರಲ್ಲಿ ಹೊರಬಂದ 'ಸ್ಪೇಸ್ ಕಮಾಂಡ್' ಎಂಬ ಸಾಧನದೊಳಗೆ ನಾಲ್ಕು ಅಲ್ಯುಮಿನಿಯಂ ಸರಳುಗಳಿದ್ದವು. ಗುಂಡಿಯನ್ನು ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ಸರಳನ್ನು ಬಡಿಯುತ್ತಿತ್ತು. ಒಂದೊಂದು ಸರಳಿಗೂ ಒಂದೊಂದು ಕಂಪನಾಂಕ. ಅದನ್ನು ಗುರುತಿಸಿ ಟೆಲಿವಿಷನ್ ವರ್ತಿಸುತ್ತಿತ್ತು. ಸಾಧನಕ್ಕೆ ಬ್ಯಾಟರಿಯೇ ಬೇಕಿರಲಿಲ್ಲ. ನಿರ್ವಾತ ನಳಿಕೆಗಳ ಆ ಕಾಲದಲ್ಲಿ ಗ್ರಾಹಕ ಭಾಗಕ್ಕಾಗಿ ಆರು ನಳಿಕೆಗಳು ಹೆಚ್ಚಾಗಿ ಬೇಕಾಗಿ ಟೆಲಿವಿಷನ್ನಿನ ಬೆಲೆ ಸುಮಾರು ಶೇಕಡ ೩೦ರಷ್ಟು ಏರಿತಾದರೂ ಈ ಪದ್ಧತಿ ಕಾಲು ಶತಮಾನ ಬಾಳಿತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಅಂಶವೊಂದುಂಟು. ಈ ಸಾಧನದಲ್ಲಿ ಬೀಗವೆಂಬುದೇ ಇರಲಿಲ್ಲ. ಆಜ್ಞೆ ಮಾಡುವವನು ಯಾರೆಂದು ಟೆಲಿವಿಷನ್ ಕೇಳುತ್ತಿರಲಿಲ್ಲ. ಸರಿಯಾದ ಸ್ವರ ಕಿವಿಗೆ ಬಿದ್ದರೆ ಸಾಕಾಗಿತ್ತು. ಮನೆಯೊಳಗೆ ಬರಲು ಅಧಿಕಾರವುಳ್ಳವನಿಗೆ ಟೆಲಿವಿಷನ್ನನ್ನು ನಡೆಸಲೂ ಅಧಿಕಾರವಿದೆ ಎಂಬುದು ಅದರ ಅಂತರ್ಗತ ನ್ಯಾಯ.

೩

೧೯೮೦ರ ದಶಕದ ಆರಂಭದ ವೇಳೆಗೆ ಶ್ರವಣಾತೀತ ಧ್ವನಿಯ ಸ್ಥಾನವನ್ನು ಅವಕೆಂಪು ಕಿರಣಗಳು ಆಕ್ರಮಿಸಿದವು. ಮಾಧ್ಯಮ ಬದಲಾದರೂ ನ್ಯಾಯ ಬದಲಾಗಲಿಲ್ಲ. ಅವಕೆಂಪು ಬೆಳಕೂ ಗೋಡೆಯನ್ನು ದಾಟದು. ಕೋಣೆಯ ಬಿಸಿಲು, ದೀಪದ ಬೆಳಕು ಆಜ್ಞೆಯೊಡನೆ ಬೆರೆಯದಂತೆ ಆ ಬೆಳಕನ್ನು ಸೆಕೆಂಡಿಗೆ ಸುಮಾರು ೩೮,೦೦೦ ಬಾರಿ ಮಿಟುಕಿಸುತ್ತಾರೆ. ಗ್ರಾಹಕ ಆ ಲಯದ ಬೆಳಕನ್ನಷ್ಟೇ ಆಲಿಸುತ್ತದೆ. ಫ್ಲ್ಯಾಷ್‌ಮ್ಯಾಟಿಕ್ ಎಡವಿದ ಕಲ್ಲನ್ನು ಹೀಗೆ ದಾಟಿದರು.

ಲಯ ಹೆಚ್ಚುಕಡಮೆ ಒಂದೇ ಆದರೂ ಭಾಷೆ ಒಂದಾಗಲಿಲ್ಲ. ಯೂರೋಪಿನ ಫಿಲಿಪ್ಸ್ ಸಂಸ್ಥೆಯ ಆರ್‌ಸಿ-೫ ಎಂಬ ಪದ್ಧತಿಯಲ್ಲಿ ಒಂದು ಆಜ್ಞೆಗೆ ೧೪ ದ್ವಿಮಾನ ಅಂಕೆಗಳು. ಅವುಗಳಲ್ಲಿ ಐದು ಉಪಕರಣವನ್ನೂ ಆರು ಆಜ್ಞೆಯನ್ನೂ ಸೂಚಿಸುತ್ತವೆ. ಜಪಾನಿನ ಎನ್‌ಇಸಿ ಪದ್ಧತಿಯಲ್ಲಿ ೩೨ ಅಂಕೆಗಳು. ವಿಳಾಸವನ್ನೂ ಆಜ್ಞೆಯನ್ನೂ ಒಮ್ಮೆ ನೇರವಾಗಿ, ಇನ್ನೊಮ್ಮೆ ವಿಪರ್ಯಯವಾಗಿ ಹೇಳಿ ತಪ್ಪನ್ನು ನಿವಾರಿಸುವುದು ಅದರ ಕ್ರಮ. ಹವಾನಿಯಂತ್ರಕದ ರೀತಿಯೇ ಬೇರೆ. ಟೆಲಿವಿಷನ್ನಿನ ರಿಮೋಟು 'ಒಂದು ಮೆಟ್ಟಿಲು ಏರಿಸು' ಎನ್ನುತ್ತದೆ. ಹವಾನಿಯಂತ್ರಕದ್ದಾದರೋ ಪ್ರತಿ ಬಾರಿಯೂ ಉಷ್ಣತೆ ಇಷ್ಟು, ಗಾಳಿಯ ವೇಗ ಇಷ್ಟು, ಕ್ರಮ ಇಂಥದು ಎಂದು ಸಮಗ್ರ ಸ್ಥಿತಿಯನ್ನೇ ವಿವರಿಸುತ್ತದೆ. ಅದರ ಒಂದು ಗುಂಡಿಯನ್ನು ಕಲಿತುಕೊಂಡರೆ ಸಾಲದು, ವ್ಯಾಕರಣವನ್ನೇ ಕಲಿಯಬೇಕು.

ಹೀಗೆ ಭಾಷೆಗಳು ಅನೇಕವಾದವು, ಆದರೆ ಯಾವುದೂ ಗುಟ್ಟಿನದಾಗಿರಲಿಲ್ಲ. ಸರ್ವೋಪಯೋಗಿ ರಿಮೋಟು ಹುಟ್ಟಿದ್ದು ಈ ಬಯಲಿನಲ್ಲಿ. ೧೯೮೫ರಲ್ಲಿ ಫಿಲಿಪ್ಸ್ ಸಂಸ್ಥೆ ಮ್ಯಾಗ್ನವಾಕ್ಸ್ ಹೆಸರಿನಲ್ಲಿ ಅಂತಹದೊಂದನ್ನು ಅಮೆರಿಕದಲ್ಲಿ ಹೊರತಂದಿತು. ಆಪಲ್ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಸ್ಟೀವ್ ವೋಸ್ನಿಯಾಕ್ ತನ್ನ ಹೊಸ ಸಂಸ್ಥೆಯ ಮೂಲಕ ೧೯೮೭ರಲ್ಲಿ 'ಕೋರ್' ಎಂಬ ಸಾಧನವನ್ನು ತಂದನು. ಅದು ಬೇರೆ ರಿಮೋಟುಗಳನ್ನು ಎದುರಿಗಿಟ್ಟುಕೊಂಡು, ಅವುಗಳ ಮಿಣುಕನ್ನು ಕಂಡು, ನೆನಪಿಟ್ಟು ನುಡಿಯುತ್ತಿತ್ತು. ಅಂದಿನಿಂದ ಇಂದಿನವರೆಗೂ ಮಾರ್ಗಗಳು ಎರಡೇ: ಸಂಕೇತಗಳ ನಿಘಂಟನ್ನು ಮೊದಲೇ ತುಂಬಿಕೊಂಡಿರುವುದು ಒಂದು, ಕೇಳಿ ಕಲಿಯುವುದು ಇನ್ನೊಂದು. ಎರಡಕ್ಕೂ ತಯಾರಕರ ಅಪ್ಪಣೆ ಬೇಕಿರಲಿಲ್ಲ.

೪

ನಮ್ಮ ದೇಶದಲ್ಲಿ ಈ ಪ್ರಶ್ನೆ ತಡವಾಗಿ ಎದ್ದಿತು. ವರ್ಣ ಪ್ರಸಾರ ಬಂದದ್ದು ೧೯೮೨ರಲ್ಲಿ. ಒಂದೇ ವಾಹಿನಿ ಇದ್ದ ಮನೆಯಲ್ಲಿ ರಿಮೋಟಿಗೆ ಹೆಚ್ಚಿನ ಕೆಲಸವಿರಲಿಲ್ಲ. ೧೯೯೦ರ ದಶಕದಲ್ಲಿ ಕೇಬಲ್ ವಾಹಿನಿಗಳು ಬಂದ ಮೇಲೆ ಅದು ಅನಿವಾರ್ಯವಾಯಿತು. ಕೇಬಲ್ ಪ್ರಸಾರವನ್ನು ಡಿಜಿಟಲ್ ಕ್ರಮಕ್ಕೆ ತಿರುಗಿಸುವ ಶಾಸನ ೨೦೧೧ರಲ್ಲಿ ಆಯಿತು. ೨೦೧೩ರ ಮಾರ್ಚ್ ೩೧ರ ಗಡುವುಳ್ಳ ಅದರ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರು ನಗರಗಳು ಸೇರಿದ್ದವು. ಸೆಟ್‌ಟಾಪ್ ಪೆಟ್ಟಿಗೆಯೊಡನೆ ಎರಡನೆಯ ರಿಮೋಟು ಬಂದಿತು. ಒಂದೇ ತೆರೆಗೆ ಇಬ್ಬರು ಯಜಮಾನರಾದರು.

ಕೈಯಲ್ಲಿ ಹಿಡಿಯುವ ಗಣಕವನ್ನೇ ರಿಮೋಟಾಗಿ ಬಳಸುವ ಯೋಚನೆ ಹಳೆಯದು. ಎಚ್‌ಪಿ ಸಂಸ್ಥೆ ೧೯೯೦ರಲ್ಲಿ ತಂದ ಗಣನಯಂತ್ರವೊಂದರಲ್ಲಿ ಅವಕೆಂಪು ದೀಪವಿತ್ತು. ಅದರಿಂದ ಟೆಲಿವಿಷನ್ ನಡೆಸುವ ಪ್ರೋಗ್ರಾಮುಗಳನ್ನು ಬಳಕೆದಾರರೇ ಬರೆದುಕೊಂಡರು. ೨೦೧೩ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್-೪, ಎಚ್‌ಟಿಸಿ ಒನ್ ಮೊದಲಾದ ಫೋನುಗಳು ಅವಕೆಂಪು ದೀಪವನ್ನು ಹೊತ್ತು ಬಂದವು. ಅದೇ ವರ್ಷದ ಆಂಡ್ರಾಯ್ಡ್ ೪.೪ ಆವೃತ್ತಿ ಆ ದೀಪವನ್ನು ಬಳಸುವ ದಾರಿಯನ್ನು ಎಲ್ಲ ಪ್ರೋಗ್ರಾಮುಕಾರರಿಗೂ ತೆರೆಯಿತು. ಹತ್ತಾರು ತಯಾರಕರ ನಿಘಂಟುಗಳನ್ನು ಒಂದು ಫೋನು ಅನಾಯಾಸವಾಗಿ ಹೊರಬಲ್ಲದು. ಹವಾನಿಯಂತ್ರಕದ ವ್ಯಾಕರಣವೂ ಅದಕ್ಕೆ ಕಷ್ಟವಲ್ಲ. ಆದರೆ ಈ ವೈಭವ ಬಹುಕಾಲ ಎಲ್ಲೆಡೆ ಉಳಿಯಲಿಲ್ಲ. ೨೦೧೬ರ ಗ್ಯಾಲಕ್ಸಿ ಎಸ್-೭ರಲ್ಲಿ ಆ ದೀಪವಿಲ್ಲ. ಐಫೋನಿನಲ್ಲಿ ಅಂತಹ ದೀಪ ಬರಲೇ ಇಲ್ಲ. ಶವೋಮಿ ಸಂಸ್ಥೆಯ ಅನೇಕ ಫೋನುಗಳು ಅದನ್ನು ಉಳಿಸಿಕೊಂಡವು. ಉಳಿದ ಕಡೆ ದೀಪದ ಸ್ಥಾನಕ್ಕೆ ವೈಫೈ ಮತ್ತು ಅಂತರಜಾಲ ಬಂದವು.

೫

ಈ ಬದಲಾವಣೆಯ ಮಹತ್ವವನ್ನು ತಿಳಿಯಲು ಟೆಲಿವಿಷನ್ನನ್ನು ಬಿಟ್ಟು ಮನೆಯ ಇನ್ನೊಂದು ಭಾಗಕ್ಕೆ ಹೋಗಬೇಕು. ಅಮೆರಿಕದ ಮನೆಗಳಲ್ಲಿ ಕಾರು ನಿಲ್ಲಿಸುವ ಗ್ಯಾರೇಜಿನ ಬಾಗಿಲನ್ನು ಕಾರಿನೊಳಗಿಂದಲೇ ತೆರೆಯುತ್ತಾರೆ. ಬಾಗಿಲಿನ ಹೊರಗಿನಿಂದ ಬರುವ ಆಜ್ಞೆಯಾದುದರಿಂದ ಇಲ್ಲಿ ರೇಡಿಯೋ ತರಂಗವೇ ಗತಿ. ಗೋಡೆಯ ಕಾವಲು ನಡೆಯದು. ಆದಕಾರಣ ಚೇಂಬರ್‌ಲೇನ್ ಎಂಬ ತಯಾರಕರು ಒತ್ತಿದಾಗಲೆಲ್ಲ ಬದಲಾಗುವ ಸಂಕೇತವನ್ನು ಅಳವಡಿಸಿದರು. ಸ್ಕೈಲಿಂಕ್ ಎಂಬ ಮತ್ತೊಂದು ಸಂಸ್ಥೆ ಆ ಬಾಗಿಲನ್ನೂ ತೆರೆಯಬಲ್ಲ ಸರ್ವೋಪಯೋಗಿ ರಿಮೋಟನ್ನು ಮಾರಿತು. ಡಿಜಿಟಲ್ ಕೃತಿಸ್ವಾಮ್ಯದ ೧೯೯೮ರ ಶಾಸನವನ್ನು ಮುಂದಿಟ್ಟು, ಬಾಗಿಲಿನ ಯಂತ್ರದೊಳಗಿರುವ ಪ್ರೋಗ್ರಾಮಿನ ರಕ್ಷಣೆಯನ್ನು ಮುರಿದಂತಾಯಿತೆಂದು ಚೇಂಬರ್‌ಲೇನ್ ದಾವೆ ಹೂಡಿತು. ೨೦೦೪ರ ಆಗಸ್ಟ್ ೩೧ರಂದು ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಯಂತ್ರವನ್ನು ಕೊಂಡವನಿಗೆ ಅದರೊಳಗಿನ ಪ್ರೋಗ್ರಾಮನ್ನು ಬಳಸುವ ಹಕ್ಕೂ ಸಂದಿದೆ. ತನ್ನ ಬಾಗಿಲನ್ನು ತಾನು ತೆರೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗದು ಎಂಬುದು ತೀರ್ಪಿನ ಸಾರ.

ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಮುಂದೆ ಅದೇ ಸಂಸ್ಥೆಯ ಬಾಗಿಲುಗಳನ್ನು ಅಂತರಜಾಲದ ಮೂಲಕ ಸ್ಮಾರ್ಟ್‌ಫೋನಿನಿಂದ ತೆರೆಯುವ ಏರ್ಪಾಡು ಬಂದಿತು. ಅಲ್ಲಿ ಫೋನಿನ ಆಜ್ಞೆ ನೇರವಾಗಿ ಬಾಗಿಲಿಗೆ ಹೋಗುವುದಿಲ್ಲ. ತಯಾರಕರ ಗಣಕಕ್ಕೆ ಹೋಗಿ, ಅಲ್ಲಿಂದ ಅಪ್ಪಣೆಯಾಗಿ ಮರಳುತ್ತದೆ. ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವನ್ನು ಬಳಸಿ ಕೆಲವರು ಮನೆಯ ಇತರ ಉಪಕರಣಗಳೊಡನೆ ಈ ಬಾಗಿಲನ್ನೂ ನಡೆಸುತ್ತಿದ್ದರು. ೨೦೨೩ರ ಕೊನೆಯ ತಿಂಗಳುಗಳಲ್ಲಿ ಸಂಸ್ಥೆ ಅನಧಿಕೃತ ಬಳಕೆಯೆಂದು ಆ ದಾರಿಯನ್ನು ಮುಚ್ಚಿತು. ನ್ಯಾಯಾಲಯ ನಿರಾಕರಿಸಿದ್ದನ್ನು ಮಾಧ್ಯಮದ ರಚನೆಯೇ ಕೊಟ್ಟಿತೆಂದು ಇತಿಹಾಸಕಾರನು ಹೇಳಬೇಕಾಗುತ್ತದೆ. ಛಲ ಬಿಡದ ಕೆಲವರು ಬಾಗಿಲಿನ ಯಂತ್ರದ ತಂತಿಗೇ ಪುಟ್ಟ ಮಂಡಲವೊಂದನ್ನು ಜೋಡಿಸಿ, ಆಜ್ಞೆಯನ್ನು ಮತ್ತೆ ಮನೆಯೊಳಕ್ಕೆ ತಂದುಕೊಂಡರು.

ಇದು ಒಂಟಿ ನಿದರ್ಶನವಲ್ಲ. ಅನೇಕ ಉಪಕರಣಗಳನ್ನು ಫೋನಿನಿಂದ ನಡೆಸಲು ಸುಮಾರು ೩೦೦ ಡಾಲರು ಕೊಟ್ಟು ಜನ ಕೊಂಡಿದ್ದ 'ರಿವಾಲ್ವ್' ಎಂಬ ಪೆಟ್ಟಿಗೆ, ಅದನ್ನು ಖರೀದಿಸಿದ್ದ ನೆಸ್ಟ್ ಸಂಸ್ಥೆ ೨೦೧೬ರ ಮೇ ತಿಂಗಳಲ್ಲಿ ಸೇವೆಯನ್ನು ನಿಲ್ಲಿಸಿದಾಗ ಕೆಟ್ಟುಹೋಗದೆಯೇ ನಿರುಪಯುಕ್ತವಾಯಿತು. ೧೯೫೬ರ ಅಲ್ಯುಮಿನಿಯಂ ಸರಳನ್ನು ಹೀಗೆ ಯಾರೂ ದೂರದಿಂದ ಮೂಕವಾಗಿಸಲು ಸಾಧ್ಯವಿರಲಿಲ್ಲ.

೬

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತನ್ನೂ ತೂಗಿ ನೋಡಬೇಕು. ಗೋಡೆಯಿಲ್ಲದ ಕಡೆ ಬೀಗವಿಲ್ಲದಿದ್ದರೆ ಅನರ್ಥ ತಪ್ಪದು. ೨೦೧೬ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲಿಟ್ಟ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ ಮುಂತಾದ ಅಸಂಖ್ಯಾತ ಉಪಕರಣಗಳನ್ನು ವಶಪಡಿಸಿಕೊಂಡಿತು. ಅವುಗಳನ್ನೇ ಸೈನ್ಯವಾಗಿಸಿ ನಡೆಸಿದ ದಾಳಿಯಿಂದ ಅಕ್ಟೋಬರ್ ೨೧ರಂದು ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ದೊರೆಯದಾದವು. ಆದುದರಿಂದ ಬೀಗವೇ ಬೇಡವೆನ್ನುವುದು ವಿವೇಕವಲ್ಲ. ವಿವೇಚಿಸತಕ್ಕದ್ದು ಬೇರೆ: ಕಳ್ಳನನ್ನು ತಡೆಯುವ ಬೀಗ ಒಂದು ಬಗೆ, ಮನೆಯೊಡೆಯನನ್ನೇ ತಡೆಯುವ ಬೀಗ ಇನ್ನೊಂದು ಬಗೆ. ಮೊದಲನೆಯದರ ಕೀಲಿಕೈ ಮನೆಯಲ್ಲಿರುತ್ತದೆ, ಎರಡನೆಯದರದು ಇನ್ನೊಬ್ಬರ ಬಳಿ. ಎರಡಕ್ಕೂ ಸುರಕ್ಷತೆ ಎಂಬ ಒಂದೇ ಹೆಸರಿರುವುದರಿಂದ ಭೇದ ಮರೆಯಾಗುತ್ತದೆ.

೨೦೨೨ರ ಅಕ್ಟೋಬರಿನಲ್ಲಿ ಪ್ರಕಟವಾದ 'ಮ್ಯಾಟರ್' ಎಂಬ ಸಾಮಾನ್ಯ ಮಾನಕ ಈ ದೃಷ್ಟಿಯಿಂದ ಗಮನಾರ್ಹ. ಬೇರೆ ಬೇರೆ ತಯಾರಕರ ಉಪಕರಣಗಳು ಮನೆಯೊಳಗಿನ ಜಾಲದಲ್ಲಿಯೇ ಒಂದೇ ಭಾಷೆಯನ್ನಾಡಬೇಕೆಂಬುದು ಅದರ ಗುರಿ. ಗೂಢಲಿಪಿಯ ಬೀಗವೂ ಅದರಲ್ಲಿ ಉಂಟು. ಮರುವರ್ಷದ ಆವೃತ್ತಿಯಲ್ಲಿ ಕೋಣೆಯ ಹವಾನಿಯಂತ್ರಕ, ಫ್ಯಾನು, ರೆಫ್ರಿಜರೇಟರುಗಳೂ ಸೇರಿದವು. ಗೋಡೆ ಕೊಡುತ್ತಿದ್ದ ಕಾವಲನ್ನು ಗಣಿತದಿಂದ ಪಡೆದು, ಅಧಿಕಾರವನ್ನು ಮನೆಯಲ್ಲೇ ಉಳಿಸಿಕೊಳ್ಳಲು ಸಾಧ್ಯವೆಂಬುದನ್ನು ಇದು ತೋರಿಸುತ್ತದೆ. ತಯಾರಕರು ಅದನ್ನು ಎಷ್ಟರಮಟ್ಟಿಗೆ ಪಾಲಿಸುವರೆಂಬುದು ಮುಂದಿನ ಇತಿಹಾಸಕ್ಕೆ ಸೇರಿದ ಮಾತು.

ಸರ್ವೋಪಯೋಗಿ ಎಂಬ ಒಂದೇ ಪದದಡಿ ಎರಡು ವಸ್ತುಗಳು ಅಡಗಿವೆಯೆಂಬುದು ಈ ಪರಿಶೀಲನೆಯಿಂದ ಸ್ಪಷ್ಟವಾಗುತ್ತದೆ. ಅವಕೆಂಪು ದೀಪವುಳ್ಳ ಫೋನಿನ ಸಾರ್ವತ್ರಿಕತೆ ಭಾಷಾಜ್ಞಾನದಿಂದ ಬಂದುದು. ಅದನ್ನು ಹಿಂದಕ್ಕೆ ಪಡೆಯುವವರಿಲ್ಲ. ದೂರದ ಗಣಕವನ್ನು ಕೇಳಿ ನಡೆಯುವ ಫೋನಿನ ಸಾರ್ವತ್ರಿಕತೆ ಅನುಮತಿಯಿಂದ ಬಂದುದು; ಕೊಟ್ಟವರು ಅದನ್ನು ಮರಳಿ ಪಡೆಯಬಲ್ಲರು. ಪರದೆಯ ಮೇಲಿನ ಗುಂಡಿ ಎರಡರಲ್ಲಿಯೂ ಒಂದೇ ರೀತಿ ಕಾಣುತ್ತದೆ. ಉಪಕರಣವನ್ನು ಕೊಳ್ಳುವಾಗ, ಅಂತರಜಾಲ ನಿಂತುಹೋದರೆ ಇದು ನನ್ನ ಮಾತನ್ನು ಕೇಳುವುದೇ ಎಂದು ವಿಚಾರಿಸಿದರೆ ಆ ಭೇದ ತಾನಾಗಿಯೇ ತಿಳಿಯುತ್ತದೆ.