ಮುಂಬಯಿ ಕಟ್ಟಿದ ಹಡಗು, ಮುಂಬಯಿ ಒಡೆದ ಹಡಗು

ಓದುಬರಹದವರಿಗೆ ಹಾವೇರಿ ಹತ್ತಿರದ ನಮ್ಮ ಅಗಡಿ ಗೊತ್ತಿರುವುದು ಆನಂದವನದಿಂದ, ಗಳಗನಾಥರ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯಿಂದ. ಕಡಲ ಮುಖ ಕಾಣದ ಆ ಊರಿನವನು ಹಡಗಿನ ಮೇಲೆ ಬರೆಯುತ್ತೇನೆಂದಾಗ ಮುಂಬಯಿಯ ನಮ್ಮ ಸಂಘದ ಹಿರಿಯರೊಬ್ಬರು ನಕ್ಕರು: “ಅಲ್ಲೋ ತಮ್ಮಾ, ನಿಮ್ಮೂರಿಗೂ ಹಡಗಕ್ಕೂ ಏನ್ ಸಂಬಂಧ?” ಸಂಬಂಧ ಇದೆ. 1956ರವರೆಗೆ ಧಾರವಾಡ ಜಿಲ್ಲೆಯ ಹಳ್ಳಿಗಳಿಗೆಲ್ಲ ಈ ಮುಂಬಯಿಯೇ ರಾಜಧಾನಿ. ಆ ರಾಜಧಾನಿಯ ಡಾಕ್‌ಯಾರ್ಡ್‌ನಲ್ಲಿ ಹುಟ್ಟಿದ ಹಡಗೊಂದು ಇವತ್ತಿಗೂ ಇಂಗ್ಲೆಂಡಿನಲ್ಲಿ ತೇಲುತ್ತಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ನಮ್ಮದಾದ ಹಡಗನ್ನು ಇದೇ ಊರು ಗುಜರಿಗೆ ಹಾಕಿತು.

1736ರಲ್ಲಿ ಸೂರತ್‌ನಿಂದ ಬಂದ ಲವ್‌ಜಿ ನುಸರ್‌ವಾನ್‌ಜಿ ವಾಡಿಯಾ ಎಂಬ ಪಾರ್ಸಿ ಕುಶಲಕರ್ಮಿಯ ಮನೆತನ ತಲೆಮಾರುಗಳ ಕಾಲ ಇಲ್ಲಿ ಹಡಗು ಕಟ್ಟಿತು. ಮೊದಲು ಈಸ್ಟ್ ಇಂಡಿಯಾ ಕಂಪನಿಗೆ, ಆಮೇಲೆ ಬ್ರಿಟಿಷ್ ನೌಕಾಪಡೆಗೆ. 1810ರಲ್ಲಿ ನೀರಿಗಿಳಿದ ‘ಮಿಂಡನ್’ 74 ತೋಪುಗಳ ಯುದ್ಧನೌಕೆ. ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ನಮ್ಮ ಪಶ್ಚಿಮ ಘಟ್ಟದಲ್ಲಿ ಸಾಗವಾನಿಗೆ ಬರ ಇರಲಿಲ್ಲ. ಮಲಬಾರ್, ಕೆನರಾ ಕಾಡುಗಳ ದಿಮ್ಮಿಗಳು ಕರಾವಳಿಗುಂಟ ಮುಂಬಯಿ ಸೇರುತ್ತಿದ್ದವು. ಎಣ್ಣೆಯ ಅಂಶವಿರುವ ಈ ಮರ ಬೇಗ ಕೊಳೆಯುವುದಿಲ್ಲ, ಹುಳುವಿಗೂ ಸುಲಭಕ್ಕೆ ಬಗ್ಗುವುದಿಲ್ಲ.

ಆದರೆ ಮರ ಗಟ್ಟಿಯಿದ್ದ ಮಾತ್ರಕ್ಕೆ ಹಡಗು ಉಳಿಯುವುದಿಲ್ಲ. ಇಲ್ಲೇ ಕಟ್ಟಿದ 1813ರ ‘ಕಾರ್ನ್‌ವಾಲಿಸ್’ ಮೇಲೆ ಅಫೀಮು ಯುದ್ಧ ಮುಗಿಸಿದ ನಾನ್‌ಕಿಂಗ್ ಒಪ್ಪಂದಕ್ಕೆ 1842ರಲ್ಲಿ ಸಹಿ ಬಿತ್ತು. ಆಮೇಲೆ ಅದು ಶೀರ್‌ನೆಸ್‌ನಲ್ಲಿ ಬರೀ ಜೆಟ್ಟಿಯಾಗಿ ನಿಂತು, 1957ರಲ್ಲಿ ಒಡೆಸಿಕೊಂಡಿತು. 1815ರ ‘ವೆಲ್ಲೆಸ್ಲಿ’ 1940ರಲ್ಲಿ ಜರ್ಮನ್ ವಿಮಾನಗಳ ಬಾಂಬಿಗೆ ಸಿಕ್ಕು ಥೇಮ್ಸ್‌ನಲ್ಲಿ ಮುಳುಗಿತು. ಉಳಿದದ್ದು ‘ಟ್ರಿಂಕೋಮಲಿ’. 1817ರ ಅಕ್ಟೋಬರ್ 12ರಂದು ನೀರಿಗಿಳಿದ ಈ ಹಡಗನ್ನು 1897ರಲ್ಲಿ ವೀಟ್ಲಿ ಕಾಬ್ ಎಂಬುವರು ಕೊಂಡು, ಹುಡುಗರಿಗೆ ನಾವಿಕ ತರಬೇತಿ ಕೊಡಲು ಇಟ್ಟುಕೊಂಡರು. ಆ ಕೆಲಸ 1986ರವರೆಗೆ ನಡೆಯಿತು. ಮುಂದೆ ಹಾರ್ಟಲ್‌ಪೂಲ್‌ನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ದುರಸ್ತಿಯಾಗಿ, ಈಗ ಬ್ರಿಟನ್ನಿನಲ್ಲಿ ತೇಲುತ್ತಿರುವ ಯುದ್ಧನೌಕೆಗಳಲ್ಲೇ ಅತಿ ಹಳೆಯದು ಎನಿಸಿದೆ. ಅದನ್ನು ಉಳಿಸಿದ್ದು ಗೆದ್ದ ಕದನಗಳಲ್ಲ, ಹುಡುಗರ ಶಾಲೆ.

ಕದನದ ಕೀರ್ತಿಗೇ ಬೆಲೆ ಇದ್ದಿದ್ದರೆ ‘ವಾರ್‌ಸ್ಪೈಟ್’ ಉಳಿಯಬೇಕಿತ್ತು. ಎರಡೂ ಮಹಾಯುದ್ಧಗಳಲ್ಲಿ ಹೋರಾಡಿದ ಆ ಬ್ಯಾಟಲ್‌ಶಿಪ್‌ಅನ್ನು 1947ರಲ್ಲಿ ಗುಜರಿಗೆ ಎಳೆದೊಯ್ಯುವಾಗ ಬಿರುಗಾಳಿಗೆ ಹಗ್ಗ ಹರಿದು ಕಾರ್ನ್‌ವಾಲ್ ತೀರದ ಬಂಡೆಗೆ ಸಿಕ್ಕಿಕೊಂಡಿತು, ಕೊನೆಗೆ ಅದೇ ತೀರದಲ್ಲಿ ತುಂಡಾಯಿತು. ಬ್ರಿಟನ್ನಿನ ಕೊನೆಯ ಬ್ಯಾಟಲ್‌ಶಿಪ್ ‘ವ್ಯಾನ್‌ಗಾರ್ಡ್’ 1960ರಲ್ಲಿ ಗುಜರಿಗೆ ಹೋಯಿತು. ಇಪ್ಪತ್ತನೆಯ ಶತಮಾನದ ಒಂದು ಬ್ಯಾಟಲ್‌ಶಿಪ್‌ಅನ್ನೂ ಬ್ರಿಟನ್ ಇಟ್ಟುಕೊಳ್ಳಲಿಲ್ಲ. ಲಂಡನ್ನಿನಲ್ಲಿ ಪ್ರವಾಸಿಗರು ನೋಡುವ ‘ಬೆಲ್‌ಫಾಸ್ಟ್’ ಕ್ರೂಸರ್, ಒಂದು ಮೆಟ್ಟಿಲು ಕೆಳಗಿನದು. ಬ್ರಿಟನ್ನಿನ ಬ್ಯಾರೋದಲ್ಲಿ ಕಟ್ಟಿದ ‘ಮಿಕಾಸಾ’ ಮಾತ್ರ ಜಪಾನಿನ ಯೊಕೊಸುಕಾದಲ್ಲಿದೆ, ಅದೂ ನೀರಿನಿಂದ ತೆಗೆದು ಕಾಂಕ್ರೀಟಿನಲ್ಲಿ ಹೂತು ನಿಲ್ಲಿಸಿದ್ದು.

ಇನ್ನು ಇಂಗ್ಲೆಂಡಿನಲ್ಲಿ ಹುಟ್ಟಿ ನಮ್ಮದಾದ ವಿಮಾನವಾಹಕ ನೌಕೆ ವಿಕ್ರಾಂತ್. 1945ರಲ್ಲಿ ಇಂಗ್ಲೆಂಡಿನ ಟೈನ್ ನದಿಗೆ ‘ಹರ್ಕ್ಯುಲಿಸ್’ ಎಂಬ ಹೆಸರಿನಲ್ಲಿ ಇಳಿದು, ಯುದ್ಧ ಮುಗಿದದ್ದರಿಂದ ಅರೆಬರೆ ನಿಂತಿತ್ತು. 1957ರಲ್ಲಿ ಭಾರತ ಕೊಂಡಿತು. ಬೆಲ್‌ಫಾಸ್ಟ್ ನಗರದಲ್ಲಿ ಕೆಲಸ ಪೂರ್ತಿಯಾಗಿ, 1961ರ ಮಾರ್ಚ್ 4ರಂದು ವಿಜಯಲಕ್ಷ್ಮಿ ಪಂಡಿತ್ ಅದನ್ನು ನೌಕಾಪಡೆಗೆ ಸೇರಿಸಿದರು. ಅದೇ ನವೆಂಬರಿನಲ್ಲಿ ಮುಂಬಯಿಗೆ ಬಂದಾಗ ನೆಹರೂ ಎದುರುಗೊಂಡರು. 1971ರ ಯುದ್ಧದಲ್ಲಿ ಒಂದು ಬಾಯ್ಲರ್ ಬಿರುಕುಬಿಟ್ಟಿದ್ದರೂ ಬಂಗಾಳ ಕೊಲ್ಲಿಗೆ ಹೋಗಿ, ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ನಿವೃತ್ತಿಯಾದದ್ದು 1997ರ ಜನವರಿಯಲ್ಲಿ, ನಮ್ಮ ಹಾವೇರಿ ಬೇರೆ ಜಿಲ್ಲೆಯಾದ ವರ್ಷ.

2001ರಿಂದ ಅದು ವಸ್ತುಸಂಗ್ರಹಾಲಯ. ಮಕ್ಕಳನ್ನು ಕರೆದೊಯ್ದು ತೋರಿಸಿದವರು ನಮ್ಮ ಸಂಘದಲ್ಲೂ ಇದ್ದಾರೆ. ಆದರೆ ಉಪ್ಪುನೀರಿನಲ್ಲಿ ನಿಂತ ಉಕ್ಕು ಸುಮ್ಮನಿರುವುದಿಲ್ಲ. ಹೊಟ್ಟೆಯ ತಗಡು ತುಕ್ಕು ಹಿಡಿದು ತೆಳುವಾಗುತ್ತದೆ, ಆಗಾಗ ಡ್ರೈಡಾಕ್‌ಗೆ ಎತ್ತಿ ಹೊಸ ತಗಡು ಬೆಸೆಯಬೇಕು. ಸುಮಾರು 213 ಮೀಟರ್ ಉದ್ದದ ಹಡಗಿಗೆ ಇದು ಟಿಕೆಟ್ ಹಣದಲ್ಲಿ ಆಗುವ ಕೆಲಸವಲ್ಲ. 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಬಾಗಿಲು ಮುಚ್ಚಿತು. 2014ರಲ್ಲಿ ಹರಾಜಾಯಿತು, ಬೆಲೆ ಸುಮಾರು 60 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಕೆಲ ತಿಂಗಳು ತಡೆದು, ಆಗಸ್ಟಿನಲ್ಲಿ ಅರ್ಜಿ ವಜಾ ಮಾಡಿತು. ನವೆಂಬರಿನಲ್ಲಿ ರೇ ರೋಡ್ ಸ್ಟೇಷನ್ ಹತ್ತಿರದ ದಾರುಖಾನಾದಲ್ಲಿ ಗ್ಯಾಸ್ ಕಟರ್‌ಗಳು ಶುರುವಾದವು. ಸ್ವಲ್ಪ ಲೋಹ ಬಜಾಜ್ ಕಂಪನಿಯ ‘ವಿ’ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಹೋಯಿತು. ಸ್ವಲ್ಪವನ್ನು ಶಿಲ್ಪಿ ಅರ್ಜಾನ್ ಖಂಬಾಟಾ ಸ್ಮಾರಕವಾಗಿಸಿದರು.

ನನ್ನ ಅಭಿಪ್ರಾಯ ಕೆಲವರಿಗೆ ಕಹಿಯಾದೀತು: ವಿಕ್ರಾಂತ್ ವಿಷಯದಲ್ಲಿ ತಪ್ಪಾದದ್ದು 2014ರಲ್ಲಲ್ಲ, 1997ರಲ್ಲಿ. ನಿವೃತ್ತಿಯ ದಿನವೇ ದಡಕ್ಕೆ ತಂದು ಕೂರಿಸುವ ಯೋಜನೆಗೆ ಹಣ ಇಟ್ಟಿದ್ದರೆ ಉಳಿಯುತ್ತಿತ್ತು. ನೀರಿನಲ್ಲಿ ಬಿಟ್ಟು ಭಾಷಣ ಮಾಡಿದರೆ ಉಳಿಯುವುದಿಲ್ಲ. ಅದರಿಂದ ಪಾಠ ಕಲಿತರೇ? 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಹೋರಾಡಿದ ಬ್ರಿಟನ್ನಿನ ‘ಹರ್ಮಿಸ್’, ಅಂದರೆ ಆಮೇಲೆ ನಮ್ಮದಾದ ವಿಮಾನವಾಹಕ ನೌಕೆ ‘ವಿರಾಟ್’, 2017ರಲ್ಲಿ ನಿವೃತ್ತಿಯಾಯಿತು. ಅದನ್ನು ಸಿಂಧುದುರ್ಗದ ಕಡಲಲ್ಲಿ ಇಡುವ 852 ಕೋಟಿಯ ಯೋಜನೆಗೆ ಮಹಾರಾಷ್ಟ್ರದ ಸಂಪುಟ 2018ರಲ್ಲಿ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಅದೇ ಹಡಗು 38.54 ಕೋಟಿಗೆ ಮಾರಾಟವಾಗಿ ಹಡಗು ಒಡೆಯುವ ಗುಜರಾತಿನ ಅಲಂಗ್‌ಗೆ ಹೋಯಿತು. ಉಳಿಸಲು ಹೊರಟವರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತುವ ಹೊತ್ತಿಗೆ ಒಡೆಯುವ ಕೆಲಸ ಸಾಕಷ್ಟು ಮುಂದೆ ಹೋಗಿತ್ತು.

ಕಾರವಾರದವರು ಮಾತ್ರ ಈ ಲೆಕ್ಕ ಸರಿಯಾಗಿ ಹಾಕಿದ್ದಾರೆ. ಟಾಗೋರ್ ಕಡಲತೀರದಲ್ಲಿ 2006ರಿಂದ ನಿಂತಿರುವ ‘ಚಾಪಲ್’ ಸೋವಿಯತ್ ಮೂಲದ ಪುಟ್ಟ ಕ್ಷಿಪಣಿ ದೋಣಿ. ದಡದ ಮೇಲೆಯೇ ಇದೆ, ಅಲೆ ಅದರ ಹೊಟ್ಟೆ ಮುಟ್ಟುವುದಿಲ್ಲ. ರಜೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಹೋಗುವವರು ಶಿರಸಿ ಘಟ್ಟ ಇಳಿದು ಅದನ್ನು ನೋಡಿ ಬರಬಹುದು. ದಾರಿಯಲ್ಲಿ ಸಾಗವಾನಿ ಮರಗಳೂ ಸಿಗುತ್ತವೆ. ಮುಂಬಯಿಯಲ್ಲೇ ಇರುವವರಿಗೆ ಖಂಬಾಟಾ ಅವರ ವಿಕ್ರಾಂತ್ ಸ್ಮಾರಕ ಫೋರ್ಟ್‌ನ ಲಯನ್ ಗೇಟ್ ಹತ್ತಿರವಿದೆ. ಚರ್ಚ್‌ಗೇಟ್‌ನಿಂದ ನಡೆದೇ ಹೋಗಬಹುದು.