ಧ್ವನಿಮುದ್ರಿಕೆಯೆಂಬ ಆಕರ: 1990ರ ಬೆಂಗಳೂರು ವಿಮಾನ ದುರಂತ

ಮೌಖಿಕ ಆಕರಗಳನ್ನು ಇತಿಹಾಸ ರಚನೆಗೆ ಬಳಸಿಕೊಳ್ಳುವ ಬಗೆಯನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಯಂತ್ರವೊಂದು ದಾಖಲಿಸಿದ ಮಾತನ್ನು ಈ ದೃಷ್ಟಿಯಿಂದ ಪರಿಶೀಲಿಸಿದ್ದು ಕಡಿಮೆ. ಬೆಂಗಳೂರಿನ ವಿಮಾನ ದುರಂತವು ಅಂತಹ ಪರಿಶೀಲನೆಗೆ ಅವಕಾಶ ನೀಡುತ್ತದೆ.

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 605ನೆಯ ಸಂಖ್ಯೆಯ ವಿಮಾನವು ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಇಳಿಯಬೇಕಾಗಿತ್ತು. ರನ್‌ವೇ ತಲುಪುವ ಮೊದಲೇ ಅದು ಸಮೀಪದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು, ಮುಂದಿನ ದಿಬ್ಬಕ್ಕೆ ಅಪ್ಪಳಿಸಿ, ಬೆಂಕಿಗೆ ಆಹುತಿಯಾಯಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಮೃತರಾದರು; 54 ಮಂದಿ ಬದುಕುಳಿದರು. ಹವಾಮಾನ ಅನುಕೂಲಕರವಾಗಿತ್ತು. ಏರ್‌ಬಸ್ ಎ-320 ಮಾದರಿಯ ಈ ವಿಮಾನ ಸೇವೆಗೆ ಸೇರಿ ಸುಮಾರು ಎರಡು ತಿಂಗಳಾಗಿತ್ತಷ್ಟೆ. ದುರಂತದ ಬೆನ್ನಲ್ಲೇ ಸಂಸ್ಥೆಯ ಈ ಮಾದರಿಯ ವಿಮಾನಗಳ ಹಾರಾಟವನ್ನು ಕೆಲಕಾಲ ತಡೆಹಿಡಿಯಲಾಯಿತು.

ಇಂತಹ ಸಂದರ್ಭದಲ್ಲಿ ಜನರ ಮಾತು ಸಾಮಾನ್ಯವಾಗಿ ಎರಡು ಜಾಡುಗಳಲ್ಲಿ ಸಾಗುತ್ತದೆ: ಹೊಸ ಯಂತ್ರ ಕೈಕೊಟ್ಟಿತು, ಇಲ್ಲವೇ ಚಾಲಕ ತಪ್ಪಿದ. ದುಃಖಕ್ಕೆ ಒಂದು ಕಾರಣ, ಒಬ್ಬ ಹೊಣೆಗಾರ ಬೇಕೆನ್ನುವುದು ಕಥನದ ಸಹಜ ಒತ್ತಾಯ. ಕಾಕ್‌ಪಿಟ್ಟಿನ ಧ್ವನಿಮುದ್ರಿಕೆ ಹಾಗೂ ಹಾರಾಟದ ದತ್ತಾಂಶಗಳು ತೋರಿಸುವ ಚಿತ್ರ ಇದಕ್ಕಿಂತ ಸಂಕೀರ್ಣವಾದುದು. ಅಂದು ಒಬ್ಬ ಪೈಲಟ್ ಪರೀಕ್ಷೆಗೆ ಒಳಗಾಗಿದ್ದರು, ಇನ್ನೊಬ್ಬರು ಪರೀಕ್ಷಕರಾಗಿದ್ದರು. ವಿಮಾನವು 'ಐಡಲ್ ಓಪನ್ ಡಿಸೆಂಟ್' ಎಂಬ ವಿಧಾನದಲ್ಲಿ ಇಳಿಯುತ್ತಿತ್ತು. ಈ ವಿಧಾನದಲ್ಲಿ ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿಯೇ ಇರುತ್ತವೆ; ಮೂತಿಯನ್ನು ಮೇಲೆತ್ತಿದರೆ ವೇಗ ಕುಸಿಯುತ್ತದೆ. 132 ನಾಟ್ ಇರಬೇಕಾದ ವೇಗ 106ಕ್ಕೆ ಇಳಿಯಿತು. ವಿಧಾನವನ್ನು ಬದಲಿಸಲು ಎರಡು ಫ್ಲೈಟ್ ಡೈರೆಕ್ಟರುಗಳನ್ನೂ ಆರಿಸಬೇಕಾಗಿತ್ತು. ಒಂದನ್ನು ಮಾತ್ರ ಆರಿಸಲಾಯಿತು. ತಾವು ಈ ವಿಧಾನದಲ್ಲಿದ್ದೇವೆಂಬ ಅರಿವು ಅವರ ಮಾತಿನಲ್ಲಿಯೇ ಇದೆ. ಯಂತ್ರವು ನಾನೂರು, ಮುನ್ನೂರು, ಇನ್ನೂರು ಅಡಿಗಳೆಂದು ಎತ್ತರವನ್ನು ಕೂಗಿ ಹೇಳುತ್ತಿತ್ತು. ಥ್ರಾಟಲ್ ಮುಂದಕ್ಕೆ ಸರಿದಾಗ ಕಾಲ ಮಿಂಚಿತ್ತು.

ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದ ವಿಚಾರಣೆಯು, ಪರಿಸ್ಥಿತಿಯ ಗಂಭೀರತೆಯನ್ನು ಪೈಲಟ್‌ಗಳು ಸಕಾಲದಲ್ಲಿ ಗ್ರಹಿಸಿ ಥ್ರಾಟಲ್ ಸರಿಸದಿದ್ದುದನ್ನು ಸಂಭಾವ್ಯ ಕಾರಣವೆಂದು ಗುರುತಿಸಿತು. ಆದರೆ ಆ ನಿರ್ಣಾಯಕ ಘಟ್ಟದಲ್ಲಿ ವಿಮಾನ ಆ ವಿಧಾನಕ್ಕೆ ಹೋದುದೇಕೆಂಬುದನ್ನು ನಿರ್ಧರಿಸಲು ಸಾಧ್ಯವಿಲ್ಲವೆಂದೂ ಅದು ದಾಖಲಿಸಿತು. ಇಳಿಯುವ ದರವನ್ನು ನಿಮಿಷಕ್ಕೆ 700 ಅಡಿಗೆ ಹೊಂದಿಸಲು ಹೋಗಿ ಎತ್ತರದ ಗುಂಡಿಯನ್ನು 700 ಅಡಿಗೆ ತಿರುಗಿಸಿರಬಹುದೆಂಬುದು ಒಂದು ಊಹೆ. ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿರುವ ಈ ನಿಲ್ದಾಣದಲ್ಲಿ 700 ಅಡಿಯೆಂದರೆ ನೆಲದೊಳಗಿನ ಲೆಕ್ಕ. ಆದರೆ ಗುಂಡಿಯತ್ತ ಚಾಚಿದ ಕೈಯನ್ನು ಧ್ವನಿಮುದ್ರಿಕೆ ಕೇಳಿಸದು.

ಮೌಖಿಕ ಆಕರದ ಶಕ್ತಿಯೂ ಮಿತಿಯೂ ಇಲ್ಲಿ ಒಟ್ಟಿಗೇ ಗೋಚರಿಸುತ್ತವೆ. ಮಾತು ಅರಿವಿಗೆ ಸಾಕ್ಷಿಯಾಗುತ್ತದೆ. ಎಲ್ಲ ಕ್ರಿಯೆಗೂ ಸಾಕ್ಷಿಯಾಗುವುದಿಲ್ಲ. ಆ ಪೈಲಟ್‌ಗಳಿಬ್ಬರೂ ಬದುಕುಳಿಯಲಿಲ್ಲ. ತಮ್ಮ ಪರವಾಗಿ ಮಾತನಾಡಲು ಅವರು ವಿಚಾರಣೆಗೆ ಬರುವಂತಿರಲಿಲ್ಲ. ಆದ್ದರಿಂದ ಈ ದುರಂತದ ನೆನಪುಗಳನ್ನು ಸಂಗ್ರಹಿಸುವ ಸಂಶೋಧಕರು ಜನರ ತೀರ್ಮಾನಗಳನ್ನು ನಂಬಿಕೆಗಳೆಂದೇ ದಾಖಲಿಸಬೇಕು. ವಿಚಾರಣೆ ತೆರೆದಿಟ್ಟ ಪ್ರಶ್ನೆಯನ್ನು ಕಥನದ ಅನುಕೂಲಕ್ಕಾಗಿ ಮುಚ್ಚುವುದು ಮೃತರಿಗೆ ಬಗೆಯುವ ಅನ್ಯಾಯವೇ ಸರಿ.