ಹಿಮದ ಗೆರೆ ಓದಿದವರು

ಫ್ರಿಜ್‌ನಲ್ಲಿ ಐಸ್ ಕಟ್ಟುವುದು ನಿಂತಿತೆಂದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು 'ಗ್ಯಾಸ್ ಹೋಗಿರಬೇಕು.' ನುರಿತ ಮೆಕ್ಯಾನಿಕ್ ಅಷ್ಟು ಬೇಗ ಆ ತೀರ್ಮಾನಕ್ಕೆ ಬರುವುದಿಲ್ಲ. ಬಾಗಿಲು ತೆಗೆದು ಫ್ರೀಜರ್‌ನ ಗೋಡೆ ನೋಡುತ್ತಾನೆ, ಹಿಂದಕ್ಕೆ ಹೋಗಿ ಕಪ್ಪು ಜಾಲರಿಯ ಮೇಲೆ ಅಂಗೈ ಇಡುತ್ತಾನೆ, ಕಂಪ್ರೆಸರ್ ಪಕ್ಕ ಬಗ್ಗಿ ಕಿವಿಗೊಡುತ್ತಾನೆ. ತಂಪು ಹುಟ್ಟಿಸುವ ಕೊಳವೆಗಳೆಲ್ಲ ಬೆಸೆದು ಮುಚ್ಚಿದವು. ಒಳಗೇನಾಗಿದೆ ಎಂದು ನೋಡಲು ಕತ್ತರಿಸಿದರೆ ಉಳಿದ ಗ್ಯಾಸೂ ಹೋಗುತ್ತದೆ. ಹೀಗಾಗಿ ಹೊರಗಿನ ಗುರುತು ಹಿಡಿದು ಒಳಗಿನ ರೋಗ ಹೇಳುವ ವಿದ್ಯೆಯೊಂದು ಈ ಕಸುಬಿನಲ್ಲಿ ಬೆಳೆಯಿತು. ಕೊಳವೆಯೊಳಗಿನ ಅನಿಲ ಬದಲಾದಾಗಲೆಲ್ಲ ಆ ವಿದ್ಯೆಯನ್ನು ಮತ್ತೆ ಕಲಿಯಬೇಕಾಯಿತು. ಅನಿಲ ಕಂಡುಹಿಡಿದವರ ಹೆಸರು ಪುಸ್ತಕಗಳಲ್ಲಿದೆ. ಅದನ್ನು ಮನೆಮನೆಯಲ್ಲಿ ಪಳಗಿಸಿದವರ ಚರಿತ್ರೆಯೂ ಅಷ್ಟೇ ದೊಡ್ಡದು.

ಯಂತ್ರಕ್ಕೆ ಮೊದಲೂ ನಮ್ಮಲ್ಲಿ ಐಸ್ ಇತ್ತು. ಅಲಹಾಬಾದಿನ ಬಯಲಲ್ಲಿ ಚಳಿಗಾಲದ ರಾತ್ರಿ ಒಣ ದಂಟುಗಳ ಮೇಲೆ ಮಣ್ಣಿನ ತಟ್ಟೆ ಸಾಲಾಗಿಟ್ಟು, ನಸುಕಿನಲ್ಲಿ ತೆಳು ಹಿಮ ಎತ್ತುತ್ತಿದ್ದುದನ್ನು ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ 1775ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ್ದ. 1833ರಲ್ಲಿ ಬಾಸ್ಟನ್ನಿನ ಐಸ್ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಕಳಿಸಿದ 'ಟಸ್ಕನಿ' ಹಡಗು ಅಮೆರಿಕದ ಕೆರೆಯ ಐಸನ್ನು ಕಲ್ಕತ್ತಕ್ಕೆ ತಂದಿತು. ಹೊರಟಾಗ ಇದ್ದದ್ದು ಸುಮಾರು 180 ಟನ್, ತಲುಪಿದ್ದು 100 ಟನ್. ಮದ್ರಾಸಿನ ಕಡಲತೀರದ ಐಸ್‌ಹೌಸ್ ಆ ವ್ಯಾಪಾರದ ಕಟ್ಟಡ. 1870ರ ದಶಕದಲ್ಲಿ ಐಸ್ ಕಾರ್ಖಾನೆಗಳು ಬಂದ ಮೇಲೆ ಹಡಗಿನ ಐಸ್ ನಿಂತುಹೋಯಿತು.

ಮನೆಯೊಳಗೆ ಯಂತ್ರ ಬಂದದ್ದು ಅದಕ್ಕೂ ಬಹಳ ತಡವಾಗಿ, ಅದೂ ವಿಷದೊಡನೆ. 1927ರಲ್ಲಿ ಜನರಲ್ ಎಲೆಕ್ಟ್ರಿಕ್ ಮಾರುಕಟ್ಟೆಗೆ ತಂದ, ನೆತ್ತಿಯ ಮೇಲೆ ಗುಂಡನೆ ಕಂಪ್ರೆಸರ್ ಹೊತ್ತ 'ಮಾನಿಟರ್ ಟಾಪ್' ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅದರ ಕೊಳವೆಯಲ್ಲಿದ್ದುದು ಗಂಧಕದ ಡೈಆಕ್ಸೈಡ್. ಸೋರಿದರೆ ಕಣ್ಣು ಮೂಗು ಉರಿದು ಮನೆಯವರು ಹೊರಗೆ ಓಡಬೇಕು. ರಿಪೇರಿಯವನಿಗೆ ಆ ಘಾಟೇ ಸುಳಿವು. ತೂತು ನಿಖರವಾಗಿ ಎಲ್ಲಿದೆಯೆಂದು ತಿಳಿಯಲು ಆತ ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಕೊಳವೆಯುದ್ದಕ್ಕೂ ಆಡಿಸುತ್ತಿದ್ದ. ಬಿಳಿ ಹೊಗೆ ಎದ್ದ ಕಡೆ ತೂತು. ಇನ್ನು ಕೆಲವು ಯಂತ್ರಗಳಲ್ಲಿದ್ದ ಮೀಥೈಲ್ ಕ್ಲೋರೈಡ್ ಇದಕ್ಕಿಂತ ಅಪಾಯ. ಅದಕ್ಕೆ ಎಚ್ಚರಿಸುವಷ್ಟು ವಾಸನೆಯೂ ಇರಲಿಲ್ಲ, 1929ರಲ್ಲಿ ಶಿಕಾಗೋದಲ್ಲಿ ಅದು ಸೋರಿ ಜನ ಸತ್ತರು. ಬರ್ಲಿನ್ನಿನಲ್ಲಿ ಫ್ರಿಜ್‌ನ ಅನಿಲಕ್ಕೆ ಒಂದು ಕುಟುಂಬವೇ ಬಲಿಯಾದ ಸುದ್ದಿ ಓದಿ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ಲಿಯೋ ಸಿಲಾರ್ಡ್ ಚಲಿಸುವ ಭಾಗಗಳೇ ಇಲ್ಲದ ಫ್ರಿಜ್ ರೂಪಿಸಲು ಕೂತರು. 1930ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಯಂತ್ರ ಮಾತ್ರ ಅಂಗಡಿಗೆ ಬರಲಿಲ್ಲ.

ಬರಬೇಕಾದ ಅಗತ್ಯವೂ ಉಳಿಯಲಿಲ್ಲ. ಅದೇ ವರ್ಷ ಅಮೆರಿಕದ ಸಂಶೋಧಕ ಥಾಮಸ್ ಮಿಡ್ಜ್ಲಿ ತನ್ನ ಹೊಸ ಅನಿಲವನ್ನು ಸಭಿಕರೆದುರು ಎದೆತುಂಬ ಎಳೆದುಕೊಂಡು, ಉಸಿರು ಬಿಟ್ಟು ಮೇಣದಬತ್ತಿ ಆರಿಸಿ ತೋರಿಸಿದ. ವಿಷವೂ ಅಲ್ಲ, ಹೊತ್ತಿಕೊಳ್ಳುವುದೂ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. ಅದೇ ಫ್ರಿಯಾನ್, ಮೆಕ್ಯಾನಿಕ್‌ಗಳ ಬಾಯಲ್ಲಿ ಆರ್-12. ಮನೆಮಂದಿ ನಿಶ್ಚಿಂತರಾದರು. ಆದರೆ ವಾಸನೆಯೇ ಇಲ್ಲದ ಅನಿಲ ಎಲ್ಲಿ ಸೋರುತ್ತಿದೆಯೆಂದು ಹುಡುಕುವುದು ಹೇಗೆ? ಹ್ಯಾಲೈಡ್ ಟಾರ್ಚ್ ಬಂದದ್ದು ಇದಕ್ಕೆ. ಸಣ್ಣ ಜ್ವಾಲೆ, ಅದರ ಮೇಲೊಂದು ತಾಮ್ರದ ತಟ್ಟೆ, ಗಾಳಿ ಎಳೆದುಕೊಳ್ಳುವ ರಬ್ಬರ್ ಕೊಳವೆ. ಆ ಕೊಳವೆಯ ತುದಿ ತೂತಿನ ಹತ್ತಿರ ಬಂದೊಡನೆ ಅನಿಲದ ಕ್ಲೋರಿನ್ ತಾಮ್ರಕ್ಕೆ ತಾಗಿ ಜ್ವಾಲೆ ಹಸಿರಾಗುತ್ತಿತ್ತು. ದಶಕಗಳ ಕಾಲ ಮೆಕ್ಯಾನಿಕ್‌ಗಳು ಸೋಪಿನ ನೊರೆಯ ಜೊತೆ ನಂಬಿದ್ದು ಈ ಹಸಿರನ್ನೇ.

ಈ ಯಂತ್ರಗಳಿಗೆ ವಿದ್ಯುತ್ ಬೇಕಿತ್ತು. ಬೆಂಗಳೂರಿಗೆ 1905ರಲ್ಲೇ ಶಿವನಸಮುದ್ರದ ವಿದ್ಯುತ್ ಬಂದರೂ ತಂತಿ ಮುಟ್ಟದ ಊರುಗಳೇ ಆಗ ಹೆಚ್ಚಿದ್ದವು. ಅಂಥ ಕಡೆಯ ತೋಟದ ಬಂಗಲೆ, ಮಿಷನ್ ಆಸ್ಪತ್ರೆಗಳಿಗೆ ದಾರಿಯಾದದ್ದು ಸೀಮೆಎಣ್ಣೆ ಫ್ರಿಜ್. ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟನ್ ಮತ್ತು ಮುಂಟರ್ಸ್, 1922ರಲ್ಲಿ ರೂಪಿಸಿದ ತತ್ವ ಅದು: ಕೆಳಗೆ ದೀಪ ಉರಿಯುತ್ತದೆ, ಅಮೋನಿಯಾ ಕುದಿದು ಸುತ್ತುತ್ತದೆ, ಮೇಲೆ ಐಸ್ ಕಟ್ಟುತ್ತದೆ. ಐಸ್ ಕಟ್ಟದಿದ್ದರೆ ಮೊದಲು ಬತ್ತಿ ಕತ್ತರಿಸಿ, ಚಿಮಣಿಯ ಮಸಿ ಕೆರೆದು, ಜ್ವಾಲೆ ನೀಲಿಯಾಗಿದೆಯೇ ನೋಡಬೇಕು. ಫ್ರಿಜ್ ಸಮತಟ್ಟಾಗಿ ನಿಂತಿರಬೇಕು. ಅಷ್ಟಕ್ಕೂ ಬಗ್ಗದಿದ್ದರೆ ದೀಪ ಆರಿಸಿ ಇಡೀ ಪೆಟ್ಟಿಗೆಯನ್ನೇ ತಲೆಕೆಳಗಾಗಿ ನಿಲ್ಲಿಸಿ ಗಂಟೆಗಟ್ಟಲೆ ಬಿಡುವುದು ಕೊನೆಯ ಉಪಾಯ. ಕಟ್ಟಿಕೊಂಡಿದ್ದ ದ್ರವ ಹರಿದು ಬೆರೆತು ಎಷ್ಟೋ ಸಲ ಯಂತ್ರ ಮತ್ತೆ ನಡೆಯುತ್ತಿತ್ತು. ಕೇಳಲು ವಿಚಿತ್ರ, ಆದರೆ ಕಾರಣವಿದ್ದ ಚಿಕಿತ್ಸೆ.

1958ರಲ್ಲಿ ಗೋದ್ರೆಜ್ ದೇಶದಲ್ಲೇ ಫ್ರಿಜ್ ತಯಾರಿಸತೊಡಗಿತು. ಕೆಲ್ವಿನೇಟರ್, ಆಲ್ವಿನ್ ಮನೆಮಾತಾದವು. ಫ್ರಿಜ್ ಸಿರಿವಂತಿಕೆಯ ವಸ್ತುವೆಂದು ಲೆಕ್ಕವಾಗುತ್ತಿದ್ದ ಕಾಲ. ಒಮ್ಮೆ ಕೊಂಡರೆ ಇಪ್ಪತ್ತು, ಮೂವತ್ತು ವರ್ಷ ನಡೆಯಬೇಕು. ಹೊಸದಕ್ಕಿಂತ ರಿಪೇರಿ ಯಾವಾಗಲೂ ಅಗ್ಗ. ಐಟಿಐಗಳಲ್ಲಿ ಕೆಲವರು, ಅಂಗಡಿಯಲ್ಲಿ ಗುರುವಿನ ಪಕ್ಕ ಕೂತು ಬಹಳ ಮಂದಿ, ಈ ಕಸುಬು ಕಲಿತರು. ಅವರು ಓದಲು ಕಲಿತದ್ದು ಫ್ರೀಜರ್‌ನ ಹಿಮವನ್ನು.

ಹಿಮ ಫ್ರೀಜರ್‌ನ ಸುತ್ತಲೂ ಒಂದೇ ಸಮನೆ ಕೂತಿದ್ದರೆ ಗ್ಯಾಸ್ ಸರಿಯಾಗಿದೆ. ಗ್ಯಾಸ್ ತರುವ ಸಣ್ಣ ಕೊಳವೆ, ಅಂದರೆ ಕ್ಯಾಪಿಲರಿ, ಒಳಬರುವ ಮೂಲೆಯಲ್ಲಷ್ಟೇ ಒಂದು ಪಟ್ಟಿ ಹಿಮ, ಉಳಿದದ್ದು ಬರಿದು, ಹಿಂದಿನ ಜಾಲರಿ ಉಗುರುಬೆಚ್ಚಗೆ, ಕಂಪ್ರೆಸರ್ ನಿಲ್ಲದೆ ಓಡುತ್ತಿದೆ ಎಂದರೆ ಗ್ಯಾಸ್ ಕಡಿಮೆ. ಹಿಮ ಫ್ರೀಜರ್ ದಾಟಿ ಕಂಪ್ರೆಸರಿಗೆ ಮರಳುವ ಹಿಂದಿನ ಸಕ್ಷನ್ ಪೈಪಿನವರೆಗೂ ಬಂದಿದ್ದರೆ ಹಿಂದಿನ ಸಲ ಯಾರೋ ಗ್ಯಾಸ್ ಹೆಚ್ಚು ತುಂಬಿದ್ದಾರೆ. ಹಿಮವೂ ಇಲ್ಲ, ಜಾಲರಿಗೆ ಬಿಸಿಯೂ ಇಲ್ಲ, ಕಂಪ್ರೆಸರ್ ಮಾತ್ರ ಹಗುರಾಗಿ ತಿರುಗುತ್ತಿದೆ ಎಂದರೆ ದಾರಿ ಪೂರ್ತಿ ಚೋಕ್ ಆಗಿರಬಹುದು, ಇಲ್ಲವೇ ಪಂಪ್ ಸೋತಿರಬಹುದು. 'ಟಿಕ್' ಎಂದು ಸದ್ದಾಗಿ ಗುಂಯ್ಗುಟ್ಟಿ ಮತ್ತೆ ನಿಂತರೆ ನೋಡಬೇಕಾದ್ದು ಕಂಪ್ರೆಸರನ್ನು ಹೊರಡಿಸುವ ರಿಲೇ ಮತ್ತು ಅದನ್ನು ಕಾಯುವ ಓವರ್‌ಲೋಡ್. ವೋಲ್ಟೇಜ್ ಕುಸಿಯುವ ಊರುಗಳಲ್ಲಿ ಇದೇ ಮಾಮೂಲು ದೂರು.

ಇವೆಲ್ಲಕ್ಕಿಂತ ಕಾಡುತ್ತಿದ್ದುದು ತೇವದ ಚೋಕ್. ಕ್ಯಾಪಿಲರಿಯ ಒಳತೂತು ಒಂದು ಮಿಲಿಮೀಟರಿಗಿಂತಲೂ ಸಣ್ಣದು. ಕೊಳವೆಯಲ್ಲಿ ಹನಿ ನೀರು ಉಳಿದಿದ್ದರೂ ಅದು ಕ್ಯಾಪಿಲರಿಯ ಬಾಯಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಫ್ರಿಜ್ ಆರಿಸಿದರೆ ಕರಗುತ್ತದೆ, ಹಾಕಿದರೆ ಸ್ವಲ್ಪ ಹೊತ್ತು ತಂಪಾಗಿ ಮತ್ತೆ ಕಟ್ಟುತ್ತದೆ. ಮನೆಯವರಿಗೆ ಇದು ದೆವ್ವ ಹೊಕ್ಕ ಯಂತ್ರ. ಮೆಕ್ಯಾನಿಕ್ ಆ ಜಾಗಕ್ಕೆ ಬಿಸಿ ಬಟ್ಟೆ ಒತ್ತಿ ಕಿವಿಗೊಡುತ್ತಿದ್ದ. 'ಸುಸ್' ಎಂದು ಗ್ಯಾಸ್ ಹರಿದರೆ ರೋಗ ಖಚಿತ. ಫಿಲ್ಟರ್ ಬದಲಿಸಿ, ತೇವವೆಲ್ಲ ಹೋಗುವಂತೆ ವ್ಯಾಕ್ಯೂಮ್ ಮಾಡಿ, ಹೊಸದಾಗಿ ಗ್ಯಾಸ್ ತುಂಬಬೇಕು. ಆತುರದಲ್ಲಿ ಈ ವ್ಯಾಕ್ಯೂಮ್ ಬಿಟ್ಟವರ ಕೆಲಸ ತಿಂಗಳೊಳಗೆ ವಾಪಸ್ ಬರುತ್ತಿತ್ತು.

ಮನೆಯವರೇ ತಂದುಕೊಳ್ಳುವ ರೋಗವೂ ಒಂದಿತ್ತು. ಐಸ್ ಟ್ರೇ ಅಂಟಿಕೊಂಡಾಗ ಚಾಕು ಹಾಕಿ ಎಬ್ಬುವುದು. ಫ್ರೀಜರ್ ಅಲ್ಯೂಮಿನಿಯಂ ತಗಡು, ಗ್ಯಾಸಿನ ದಾರಿ ಆ ತಗಡಿನಲ್ಲೇ ಉಬ್ಬಿದ ಗೆರೆ. ಚಾಕುವಿನ ಮೊನೆ ತಾಗಿತೋ, ಸುಯ್ಯೆಂದು ಎಲ್ಲ ಖಾಲಿ. ತಾಮ್ರದಂತೆ ಅಲ್ಯೂಮಿನಿಯಂ ಸುಲಭಕ್ಕೆ ಬೆಸುಗೆಗೆ ಬಗ್ಗುವುದಿಲ್ಲ.

ಈ ನಡುವೆ 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್, ಮಿಡ್ಜ್ಲಿಯ ನಿರುಪದ್ರವಿ ಅನಿಲ ಓಝೋನ್ ಪದರವನ್ನು ಕೊರೆಯಬಲ್ಲದೆಂದು ತೋರಿಸಿದ್ದರು. 1987ರಲ್ಲಿ ಅಂಥ ಅನಿಲಗಳನ್ನು ಕೈಬಿಡುವ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತ ಸೇರಿತು. ಹೊಸ ಫ್ರಿಜ್‌ಗಳಲ್ಲಿ ಆರ್-12ರಂಥ ಸಿಎಫ್‌ಸಿ ಅನಿಲಗಳು 2003ರಿಂದ ನಿಷೇಧ, 2008ರ ಆಗಸ್ಟ್ 1ರಿಂದ ಔಷಧ ಬಳಕೆಯೊಂದು ಬಿಟ್ಟು ತಯಾರಿಕೆಯೇ ಬಂದ್. ಜಾಗತಿಕ ಒಪ್ಪಂದವನ್ನು ಕಡೆಗೆ ಜಾರಿಗೆ ತರಬೇಕಾದವನು ಸೈಕಲ್ಲಿಗೆ ಸಿಲಿಂಡರ್ ಕಟ್ಟಿಕೊಂಡು ಬರುತ್ತಿದ್ದ ಮೆಕ್ಯಾನಿಕ್. ಅವನ ಕೈಯ ಅಭ್ಯಾಸ ಬದಲಾಗದೆ ಆಕಾಶದ ತೂತು ಮುಚ್ಚುವಂತಿರಲಿಲ್ಲ. ಆರ್-12ರ ಬದಲಿಗೆ ಬಂದ ಆರ್-134ಎ ಅನಿಲದಲ್ಲಿ ಕ್ಲೋರಿನ್ ಇಲ್ಲ, ಹಾಗಾಗಿ ಹಸಿರು ಜ್ವಾಲೆಯ ಟಾರ್ಚ್ ಒಂದೇ ಏಟಿಗೆ ಕೆಲಸಕ್ಕೆ ಬಾರದಂತಾಯಿತು. ಈ ಅನಿಲದ ಜೊತೆ ಕಂಪ್ರೆಸರಿಗೆ ಹಾಕುವ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಕೊಳವೆ ತೆರೆದಿಡುವಂತಿಲ್ಲ, ಫ್ರಿಜ್‌ನದೇ ಕಂಪ್ರೆಸರ್ ಓಡಿಸಿ ವ್ಯಾಕ್ಯೂಮ್ ಮಾಡುವ ಹಳೆಯ ರೂಢಿ ನಡೆಯುವುದಿಲ್ಲ. ಸರ್ಕಾರವೂ ವಿದೇಶಿ ನೆರವಿನ ಯೋಜನೆಗಳೂ ಸಾವಿರಾರು ಮೆಕ್ಯಾನಿಕ್‌ಗಳನ್ನು ಕೂರಿಸಿ ಇದನ್ನು ಕಲಿಸಿದವು. ಕಲಿಯಲು ದಿನದ ಕೂಲಿ ಬಿಟ್ಟು ಬಂದವರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಆಮೇಲೆ ಬಂದ ಆರ್-600ಎ, ಅಂದರೆ ಐಸೋಬ್ಯೂಟೇನ್, ಓಝೋನಿಗೆ ಹಾನಿ ಮಾಡದು, ಭೂಮಿಯನ್ನು ಬಿಸಿಮಾಡುವುದೂ ಅತ್ಯಲ್ಪ, ಆದರೆ ಹೊತ್ತಿಕೊಳ್ಳುತ್ತದೆ. ತುಂಬುವ ಪ್ರಮಾಣ ಆರ್-12ರ ಅರ್ಧದಷ್ಟೂ ಇಲ್ಲ. ಹಿಮದ ಗೆರೆ ನೋಡಿಕೊಂಡು 'ಇನ್ನೊಂದಿಷ್ಟು' ಬಿಡುವ ಕಾಲ ಮುಗಿದು ಗ್ರಾಂ ತೂಗುವ ತಕ್ಕಡಿ ಚೀಲಕ್ಕೆ ಸೇರಿತು. ಐಸೋಬ್ಯೂಟೇನ್ ಕುದಿಯುವುದು ಮೈನಸ್ 11.7 ಡಿಗ್ರಿಯಲ್ಲಿ. ಹೀಗಾಗಿ ಓಡುವಾಗ ಫ್ರೀಜರ್ ಬದಿಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ತೂತಾದರೆ ಗ್ಯಾಸ್ ಹೊರಹೋಗುವ ಬದಲು ಗಾಳಿ ಒಳಸೇರುತ್ತದೆ. ಹಳೆಯ ಅನುಭವ ಇಲ್ಲಿ ದಾರಿ ತಪ್ಪಿಸಬಹುದು.

ಈಗಿನ ಫ್ರಾಸ್ಟ್-ಫ್ರೀ ಫ್ರಿಜ್‌ನಲ್ಲಿ ಓದಲು ಹಿಮವೇ ಕಾಣುವುದಿಲ್ಲ. ಸುರುಳಿ ಫಲಕದ ಹಿಂದೆ ಅಡಗಿದೆ, ಹೀಟರ್ ಆಗಾಗ ಹಿಮ ಕರಗಿಸುತ್ತದೆ. ಹೀಟರ್ ಅಥವಾ ಸೆನ್ಸರ್ ಕೆಟ್ಟರೆ ಸುರುಳಿಯ ಮೇಲೆ ಹಿಮ ಗಟ್ಟಿಯಾಗಿ ಗಾಳಿಯ ದಾರಿ ಮುಚ್ಚುತ್ತದೆ: ಮೊದಲು ಕೆಳಗಿನ ತರಕಾರಿ ಬೆಚ್ಚಗಾಗುತ್ತದೆ, ಕ್ರಮೇಣ ಟ್ರೇಯ ನೀರೂ ನೀರಾಗಿಯೇ ಉಳಿಯುತ್ತದೆ. ಇದಕ್ಕೆ ಗ್ಯಾಸ್ ತುಂಬಿಸಿದರೆ ದುಡ್ಡು ದಂಡ. ಇನ್ವರ್ಟರ್ ಕಂಪ್ರೆಸರ್ ನಡೆಸುವ ಬೋರ್ಡ್ ಕೆಟ್ಟರೆ ದೋಷಸಂಕೇತಗಳ ಪಟ್ಟಿ ಬೇಕು, ಬಿಡಿಭಾಗ ಬೇಕು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಪೋರ್ಟಲ್ ತೆರೆದು, ಗೃಹೋಪಯೋಗಿ ವಸ್ತುಗಳನ್ನೂ ಅದರಲ್ಲಿ ಸೇರಿಸಿದೆ. ಅಲ್ಲಿ ಕೈಪಿಡಿಗಳು ಕನ್ನಡದಲ್ಲೂ ಸಿಗಬೇಕು, ಕಂಪನಿಯ ಬ್ಯಾಡ್ಜ್ ಇಲ್ಲದ ಬೀದಿಯ ಮೆಕ್ಯಾನಿಕ್‌ಗೂ ಬೋರ್ಡಿನ ನಕ್ಷೆ, ಬಿಡಿಭಾಗ ಎರಡೂ ಎಟುಕಬೇಕು. ಅಮೋನಿಯಾದ ಬಟ್ಟೆಯಿಂದ ಗ್ರಾಂ ತಕ್ಕಡಿಯವರೆಗೆ ಪ್ರತಿ ಹೊಸ ಉಪಕರಣವನ್ನೂ ಈ ಕಸುಬಿನವರು ಕಲಿತು ಬಳಸಿದ್ದಾರೆ. ನಕ್ಷೆ ಕೊಟ್ಟರೆ ಈ ಬೋರ್ಡನ್ನೂ ಕಲಿಯುತ್ತಾರೆ.